ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆಯೇ?

ಬಸ್ ನಿಲ್ದಾಣದಲ್ಲೋ ಜಾತ್ರೆಯಲ್ಲೋ ಯಾರಿಗಾದರೂ ಫಿಟ್ಸ್ ಬಂದರೆ ಮೊದಲು ಕೇಳುವ ಮಾತು "ಕೈಗೆ ಕಬ್ಬಿಣ ಕೊಡಿ" ಎಂಬುದು. ಒಬ್ಬರು ಬೀಗದ ಕೈ ಹಿಡಿಸುತ್ತಾರೆ, ಇನ್ನೊಬ್ಬರು ಈರುಳ್ಳಿ ಮೂಸಿಸುತ್ತಾರೆ. ಸ್ವಲ್ಪ ಹೊತ್ತಿಗೆ ಫಿಟ್ಸ್ ನಿಂತೂಬಿಡುತ್ತದೆ. ಹಾಗಾದರೆ ಕಬ್ಬಿಣವೇ ಅದನ್ನು ನಿಲ್ಲಿಸಿತೇ?

ಇಲ್ಲ. ಮೆದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಅನೇಕ ಕೋಶಗಳು ಒಮ್ಮೆಗೇ ಹದ ತಪ್ಪಿ ಸಂಕೇತ ಹೊರಡಿಸಿದಾಗ ಫಿಟ್ಸ್ ಬರುತ್ತದೆ. ಬಹುಪಾಲು ಫಿಟ್ಸ್ ಎರಡು-ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ನಾವು ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಅದು ಮುಗಿಯುತ್ತಾ ಬಂದಿರುತ್ತದೆ. ಹೆಸರು ಮಾತ್ರ ಕಬ್ಬಿಣಕ್ಕೆ!

ಆ ಹೊತ್ತಿನಲ್ಲಿ ನಾವು ಮಾಡಬೇಕಾದ್ದು ಇಷ್ಟೇ: ಗಡಿಯಾರ ನೋಡಿಕೊಳ್ಳುವುದು, ತಲೆಯಡಿ ಮೆತ್ತನೆಯ ಬಟ್ಟೆ ಇಡುವುದು, ಮಗ್ಗುಲಿಗೆ ಹೊರಳಿಸುವುದು. ಕೈಕಾಲು ಅದುಮಿ ಹಿಡಿಯಬಾರದು. ಬಾಯಿಗೆ ನೀರು, ಚಮಚ ಏನನ್ನೂ ಹಾಕಬಾರದು. ಫಿಟ್ಸ್ 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ಅಥವಾ ಇದೇ ಮೊದಲ ಸಲವಾಗಿದ್ದರೆ 108ಕ್ಕೆ ಕರೆ ಮಾಡಬೇಕು.

ಒಮ್ಮೆ ಫಿಟ್ಸ್ ಬಂದ ಮಾತ್ರಕ್ಕೆ ಅದು ಮೂರ್ಛೆರೋಗವಲ್ಲ. ಮಕ್ಕಳಿಗೆ ಜ್ವರದಿಂದ, ಮಧುಮೇಹಿಗಳಿಗೆ ಸಕ್ಕರೆ ಅಂಶ ಕುಸಿದಾಗಲೂ ಬರಬಹುದು. ಕಾರಣ ತಿಳಿಯಲು ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ಅಗತ್ಯವಿದ್ದರೆ ಅವರೇ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಗೆ ಕಳಿಸುತ್ತಾರೆ. ಫಿಟ್ಸ್ ಬಂದವರಿಗೆ ಆಗ ನಡೆದದ್ದು ಬಹುಮಟ್ಟಿಗೆ ನೆನಪಿರುವುದಿಲ್ಲ. ಆದ್ದರಿಂದ ಕಣ್ಣಾರೆ ಕಂಡವರು ಜೊತೆಗೆ ಹೋಗಬೇಕು. ಮೊಬೈಲಿನಲ್ಲಿ ತೆಗೆದ ವಿಡಿಯೊ ಇದ್ದರೆ ವೈದ್ಯರಿಗೆ ಇನ್ನೂ ಅನುಕೂಲ. ಇಇಜಿ ಸರಿಯಾಗಿದೆ ಎಂದ ಮಾತ್ರಕ್ಕೆ ರೋಗವಿಲ್ಲ ಎಂದು ಹೇಳಲಾಗದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ಶೇ. 70ರವರೆಗೆ ಜನ ಫಿಟ್ಸ್ ಇಲ್ಲದೆ ಬದುಕಬಹುದು. ಆದರೆ ಮಾತ್ರೆಯನ್ನು ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಿದರೆ, ಬಿಡದೆ ಬರುವ ಫಿಟ್ಸ್ ಜೀವಕ್ಕೇ ಕುತ್ತಾಗಬಹುದು.

ಹೀಗೆ ನಿಲ್ಲಿಸಲು ಒಂದು ಕಾರಣ ಮದುವೆ. ಗಂಡನ ಮನೆಯಲ್ಲಿ ತಿಳಿದೀತೆಂಬ ಭಯಕ್ಕೆ ಹೆಣ್ಣುಮಕ್ಕಳು ಮಾತ್ರೆಯನ್ನು ಬಚ್ಚಿಡುತ್ತಾರೆ, ಕೊನೆಗೆ ಬಿಟ್ಟೇಬಿಡುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗವನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಕಾನೂನು ಕೈಬಿಟ್ಟದ್ದನ್ನು ನಮ್ಮ ಮನೆಗಳೂ ಕೈಬಿಟ್ಟರೆ, ಮಾತ್ರೆಯನ್ನು ಎಲ್ಲರೆದುರೇ ನುಂಗಬಹುದು.