ದಾನವಾಗಿ ಬಂದ ಅಂಗ ಯಾರಿಗೆ ಸಲ್ಲಬೇಕು?

ಕಳೆದ ತಿಂಗಳು ಶ್ರೀಮಠದ ಶಿವಾನುಭವ ಗೋಷ್ಠಿಯಲ್ಲಿ ಅಂಗದಾನದ ಕುರಿತು ನಾವು ಮಾತನಾಡಿ ಮುಗಿಸಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಡಾಕ್ಟರೇ, ಕೊಡುವುದಕ್ಕೆ ಮನಸ್ಸು ಒಪ್ಪುತ್ತದೆ. ಆದರೆ ಕೊಟ್ಟದ್ದು ಯಾರಿಗೆ ಹೋಗುತ್ತದೆ? ದುಡ್ಡಿದ್ದವರ ಪಾಲಾಗುವುದಾದರೆ ನಾವೇಕೆ ಕೊಡಬೇಕು?" ಸಭೆಯಲ್ಲಿದ್ದ ಅನೇಕರು ತಲೆದೂಗಿದರು. ಅಂದು ಸಮಯದ ಅಭಾವದಿಂದ ನಮ್ಮ ಉತ್ತರ ಅರ್ಧಕ್ಕೇ ನಿಂತಿತು. ಅದನ್ನು ಇಲ್ಲಿ ಪೂರ್ಣಗೊಳಿಸಲು ಯತ್ನಿಸಿದ್ದೇವೆ.

ಮೊದಲು ವ್ಯವಸ್ಥೆಯನ್ನು ತಿಳಿಯೋಣ. 1994ರ ಮಾನವ ಅಂಗಗಳ ಕಸಿ ಕಾಯ್ದೆಯು ಅಂಗಗಳ ಮಾರಾಟವನ್ನು ಅಪರಾಧವೆಂದು ಸಾರಿತು; ಮೆದುಳು ಸಂಪೂರ್ಣ ನಿಷ್ಕ್ರಿಯಗೊಂಡ ಸ್ಥಿತಿಯನ್ನು ಮರಣವೆಂದು ಅಂಗೀಕರಿಸಿತು. ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಅದನ್ನು ದೃಢಪಡಿಸಬೇಕು, ಕುಟುಂಬದವರು ಒಪ್ಪಬೇಕು. ನಮ್ಮ ರಾಜ್ಯದಲ್ಲಿ ಅಂಗಗಳ ಹಂಚಿಕೆಯ ಹೊಣೆ 'ಜೀವಸಾರ್ಥಕತೆ' ಸಂಸ್ಥೆಯದು. ಕಸಿಗಾಗಿ ಕಾದಿರುವವರು ಪರವಾನಗಿ ಪಡೆದ ಆಸ್ಪತ್ರೆಯ ಮೂಲಕ ಅಲ್ಲಿ ಹೆಸರು ನೋಂದಾಯಿಸುತ್ತಾರೆ. ರಕ್ತದ ಗುಂಪು, ದೇಹದ ಹೊಂದಾಣಿಕೆ, ರೋಗದ ತೀವ್ರತೆ, ಕಾದ ಅವಧಿ ಇವುಗಳನ್ನು ಪರಿಗಣಿಸಿ ಸರದಿ ನಿರ್ಧಾರವಾಗುತ್ತದೆ. ಹೃದಯವನ್ನು ಸುಮಾರು 4ರಿಂದ 6 ಗಂಟೆಗಳೊಳಗೆ ಜೋಡಿಸಬೇಕು. ಮೂತ್ರಪಿಂಡವಾದರೆ ಒಂದು ದಿನದಷ್ಟು ಕಾಲ ತಡೆಯುತ್ತದೆ. ಆದುದರಿಂದ ದೂರವೂ ಲೆಕ್ಕಕ್ಕೆ ಬರುತ್ತದೆ. ಝೀರೋ ಟ್ರಾಫಿಕ್ ವ್ಯವಸ್ಥೆ ಮಾಡಿ ಆಂಬುಲೆನ್ಸ್ ಓಡಿಸುವುದು ಇದೇ ಕಾರಣಕ್ಕೆ.

ನಟ ಸಂಚಾರಿ ವಿಜಯ್ ಅವರು 2021ರ ಜೂನ್‌ನಲ್ಲಿ ಅಪಘಾತಕ್ಕೆ ಈಡಾದಾಗ ಕುಟುಂಬದವರು ಅವರ ಅಂಗಗಳನ್ನು ದಾನ ಮಾಡಿದ್ದನ್ನು ನಾಡು ಮರೆತಿಲ್ಲ. ಮರಣಾನಂತರದ ಇಂಥ ದಾನದಲ್ಲಿ ಪಡೆಯುವವರು ಯಾರೆಂಬುದನ್ನು ಕೊಡುವವರು ಆರಿಸುವುದಿಲ್ಲ. ಹಣ ಕೊಟ್ಟು ಸರದಿಯಲ್ಲಿ ಮುಂದೆ ಬರಲು ಕಾನೂನು ಎಡೆಗೊಡುವುದಿಲ್ಲ. ಹಿರಿಯರ ಪ್ರಶ್ನೆಗೆ ಇದು ಮೊದಲ ಉತ್ತರ.

ಅದೇ ಗೋಷ್ಠಿಯಲ್ಲಿ ಇನ್ನೊಬ್ಬರು, "ಕುಡಿದು ಯಕೃತ್ತು ಕೆಡಿಸಿಕೊಂಡವನಿಗೆ ಸಜ್ಜನರ ಯಕೃತ್ತನ್ನು ಏಕೆ ಕೊಡಬೇಕು?" ಎಂದರು. ಈ ಸಿಟ್ಟು ನಮಗೂ ಅರ್ಥವಾಗುತ್ತದೆ. ಆದರೆ ಆಯುರ್ವೇದವು ಚಿಕಿತ್ಸೆಗೆ ಮೊದಲು ವೈದ್ಯನಿಗೆ ವಿಧಿಸಿರುವುದು ಸಾಧ್ಯಾಸಾಧ್ಯ ವಿವೇಚನೆಯನ್ನು. ರೋಗಿಯ ಪಾಪಪುಣ್ಯಗಳ ತೀರ್ಪನ್ನು ಅದು ವೈದ್ಯನ ಕೈಗೆ ಕೊಟ್ಟಿಲ್ಲ. ಈತ ಕುಡಿತವನ್ನು ನಿಜವಾಗಿ ಬಿಟ್ಟಿದ್ದಾನೆಯೇ, ಕಸಿಯ ಬಳಿಕ ಜೀವನಪರ್ಯಂತ ಔಷಧಿಯನ್ನು ತಪ್ಪದೆ ಸೇವಿಸುವನೇ, ಈ ಅಂಗ ಅವನಲ್ಲಿ ಬಾಳುವುದೇ ಎಂದು ಕೇಳುವುದು ಯೋಗ್ಯ. ಹಳೆಯ ತಪ್ಪಿಗೆ ದಂಡನೆಯಾಗಿ ಅಂಗವನ್ನು ನಿರಾಕರಿಸುವುದು ಯೋಗ್ಯವಲ್ಲ. ಪಥ್ಯ ಮಾಡದೆ ಸಕ್ಕರೆ ಕಾಯಿಲೆಯನ್ನು ಬೆಳೆಸಿಕೊಂಡವರು, ತಂಬಾಕು ಬಿಡದವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ತಪ್ಪನ್ನು ಎಣಿಸತೊಡಗಿದರೆ ಯಾರನ್ನು ಉಳಿಸಿಕೊಂಡೇವು?

ದಾಸೋಹದ ಪಂಕ್ತಿಯಲ್ಲಿ ಕುಳಿತವರ ಕುಲವನ್ನಾಗಲಿ ಅಂತಸ್ತನ್ನಾಗಲಿ ನಾವು ಕೇಳುವುದಿಲ್ಲ. ಅಂಗದ ಹಂಚಿಕೆಯೂ ಹಾಗೆಯೇ ನಡೆಯಬೇಕು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ದಾಸೋಹದಲ್ಲಿ ಪ್ರಸಾದ ಎಲ್ಲರಿಗೂ ಸಾಲುತ್ತದೆ; ಇಲ್ಲಿ ಒಂದು ಯಕೃತ್ತಿಗೆ ಹಲವರು ಕಾದಿರುತ್ತಾರೆ. ಆದ್ದರಿಂದ ಪಂಕ್ತಿಗೆ ಬಂದು ಕೂರಲಾಗದೆ ಹೊರಗುಳಿದವರು ಯಾರು ಎಂಬುದನ್ನೂ ನೋಡಬೇಕಾಗುತ್ತದೆ. ಹಿರಿಯರ ಸಂಶಯಕ್ಕೆ ನಿಜವಾದ ಆಧಾರ ಇರುವುದು ಇಲ್ಲಿಯೇ.

ನಮ್ಮ ಚಿಕಿತ್ಸಾಲಯಕ್ಕೆ ಕೆಲವು ವರ್ಷಗಳ ಹಿಂದೆ ಕೈಕಾಲು ಬಾತ ತಾಯಿಯೊಬ್ಬರು ಬಂದರು. ವಯಸ್ಸು ನಲವತ್ತರ ಒಳಗೆ. ಎರಡೂ ಮೂತ್ರಪಿಂಡಗಳು ಸೋತಿದ್ದವು. ಆ ಹಂತದಲ್ಲಿ ಕಷಾಯದಿಂದ ಅವು ಮರಳುವುದಿಲ್ಲವೆಂದು ತಿಳಿಸಿ ಡಯಾಲಿಸಿಸ್‌ಗೆ ಕಳುಹಿಸಿದೆವು. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಡಯಾಲಿಸಿಸ್ ನಡೆಯಿತು. ಅದೇ ಊರಿನ ಗೃಹಸ್ಥರೊಬ್ಬರಿಗೆ ಇದೇ ಕಾಯಿಲೆ ಬಂದಾಗ ಅವರ ಪತ್ನಿ ತಮ್ಮ ಮೂತ್ರಪಿಂಡವನ್ನು ಕೊಟ್ಟು ಉಳಿಸಿಕೊಂಡಿದ್ದರು. ಈ ತಾಯಿಗೆ ಕೊಡುವವರು ಯಾರೂ ಮುಂದೆ ಬರಲಿಲ್ಲ. "ಬೆಂಗಳೂರಿಗೆ ಯಾರು ಓಡಾಡಬೇಕು, ಮಕ್ಕಳನ್ನು ಯಾರು ನೋಡಬೇಕು" ಎಂಬ ಮಾತಿನಲ್ಲಿಯೇ ದಿನಗಳು ಕಳೆದವು. ಪಟ್ಟಿಯಲ್ಲಿ ಅವರ ಹೆಸರು ಸೇರಲೇ ಇಲ್ಲ. ನೋಂದಣಿಯ ಮಾತನ್ನು ನಾವೂ ಬಹಳ ತಡವಾಗಿ ಎತ್ತಿದೆವು. ಆ ಹೊತ್ತಿಗೆ ಅವರ ದೇಹ ಶಸ್ತ್ರಚಿಕಿತ್ಸೆಯನ್ನು ತಾಳುವಂತಿರಲಿಲ್ಲ. ಆ ತಪ್ಪು ಇಂದಿಗೂ ನಮ್ಮನ್ನು ಕಾಡುತ್ತದೆ.

ಇದು ಒಂದು ಮನೆಯ ಕಥೆಯಲ್ಲ. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಮಹಿಳೆಯರು; ಕಸಿ ಪಡೆಯುವವರಲ್ಲಿ ಹೆಚ್ಚಿನವರು ಪುರುಷರು. ರಾಷ್ಟ್ರೀಯ ಅಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯು 2025ರಲ್ಲಿ, ಕಾದಿರುವ ಮಹಿಳೆಯರಿಗೆ ಹಂಚಿಕೆಯಲ್ಲಿ ಹೆಚ್ಚುವರಿ ಅಂಕ ನೀಡುವಂತೆ ರಾಜ್ಯಗಳಿಗೆ ಸೂಚಿಸಿತು. ಇದು ಪಕ್ಷಪಾತವೆಂದು ಕೆಲವರ ಆಕ್ಷೇಪ. ಮನೆಯಲ್ಲಿಯೇ ಹಿಂದೆ ತಳ್ಳಲ್ಪಟ್ಟವರನ್ನು ಸರಿಯಾದ ಸ್ಥಾನಕ್ಕೆ ತರುವ ಕ್ರಮವೆಂದು ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ ಅಂಕದಿಂದ ಪ್ರಯೋಜನವಿಲ್ಲ.

ಕಸಿ ನಡೆಸುವ ಆಸ್ಪತ್ರೆಗಳು ಬಹುಪಾಲು ದೊಡ್ಡ ನಗರಗಳಲ್ಲಿವೆ. ದಾನ ದೊರೆತ ಆಸ್ಪತ್ರೆಯ ರೋಗಿಗಳಿಗೇ ಕೆಲವು ಅಂಗಗಳಲ್ಲಿ ಮೊದಲ ಅವಕಾಶ ಕೊಡುವ ಪದ್ಧತಿಯೂ ಇದೆ. ಇದರಿಂದ ಆಸ್ಪತ್ರೆಗಳಿಗೆ ದಾನ ಪಡೆಯುವಲ್ಲಿ ಉತ್ಸಾಹ ಬರುವುದು ನಿಜ. ಆದರೆ ದೊಡ್ಡ ಆಸ್ಪತ್ರೆಯ ಬಾಗಿಲು ತಟ್ಟಲಾರದವರು ಇನ್ನಷ್ಟು ಹಿಂದೆ ಉಳಿಯುತ್ತಾರೆ. ಸರ್ಕಾರ ಇದನ್ನು ಮರುಪರಿಶೀಲಿಸಬೇಕು. ಡಯಾಲಿಸಿಸ್ ಆರಂಭವಾದ ದಿನವೇ ಕಸಿಗೆ ಅರ್ಹತೆಯ ತಪಾಸಣೆ ಮತ್ತು ನೋಂದಣಿಯ ವಿವರವನ್ನು ರೋಗಿಗೆ ತಿಳಿಸುವುದನ್ನು ತಾಲ್ಲೂಕು ಆಸ್ಪತ್ರೆಯ ಕರ್ತವ್ಯವಾಗಿಸಬೇಕು. ಬಡ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ನೆರವು ದೊರೆಯುವ ಸಂಗತಿಯೂ ಹಳ್ಳಿಗಳಿಗೆ ತಲುಪಬೇಕು.

ನಮ್ಮ ಕೈಯಲ್ಲಿ ಆಗುವ ಕೆಲಸವೂ ಇದೆ. ನಗರದಲ್ಲಿ ನೆಲೆಸಿರುವ ಸದ್ಭಕ್ತರು ತಮ್ಮ ಊರಿನ ಒಬ್ಬ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ದು ನೋಂದಣಿ ಮಾಡಿಸಲಿ. ಎರಡು ದಿನ ಮನೆಯಲ್ಲಿ ಇರಿಸಿಕೊಂಡು ಊಟ ಹಾಕಲಿ. ಇದೂ ದಾಸೋಹವೇ. ನಿಮ್ಮ ಮನೆಯ ಹೆಣ್ಣುಮಗಳಿಗೆ ಮೂತ್ರಪಿಂಡದ ಕಾಯಿಲೆ ಇದ್ದರೆ, ಗಂಡುಮಗನಿಗಾದರೆ ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿರಿ.

ಪ್ರಶ್ನೆ ಕೇಳಿದ ಹಿರಿಯರಲ್ಲಿ ನಮ್ಮ ಅರಿಕೆ ಇಷ್ಟು: ಸಂಶಯದಿಂದ ದಾನವನ್ನು ತಡೆಹಿಡಿದರೆ ಹಣವಂತರಿಗೆ ಬೇರೆ ದಾರಿಗಳಿರಬಹುದು, ಬಡವರಿಗೆ ಇರುವುದು ಆ ಪಟ್ಟಿಯೊಂದೇ. ತಾವು ಅಂಗದಾನದ ಸಂಕಲ್ಪ ಮಾಡಿರಿ, ಮನೆಯವರಿಗೂ ತಿಳಿಸಿರಿ. ಹಂಚಿಕೆ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ಕೇಳುವುದನ್ನು ಮಾತ್ರ ಬಿಡಬೇಡಿರಿ.