ಸೋತವನಿಗೆ ಸಡಿಲ ಕೊಡುವ ಆಟ

ಓದು ಮುಗಿಸಿ ಕೆಲಸ ಸಿಗದೆ ಕೂತವನಿಗೆ ಹಬ್ಬಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ. ಬೆಂಗಳೂರಿನ ಪಿ.ಜಿ.ಯಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ಊರಿಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ಶುರು: ‘ಏನಪ್ಪಾ, ಎಲ್ಲಿದೀಯ ಈಗ? ಯಾವ ಕಂಪನಿ?’ ಕಳೆದ ದೀಪಾವಳಿಗೆ ತಿಪಟೂರಿನ ಅಜ್ಜಿ ಮನೆಗೆ ಹೋದಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಒಂದು ಉಪಾಯ ಹೂಡಿದೆ. ‘ಅಟ್ಟ ಕ್ಲೀನ್ ಮಾಡ್ತೀನಿ ಅಜ್ಜಿ’ ಎಂದು ಏಣಿ ಹತ್ತಿಬಿಟ್ಟೆ. ಅಜ್ಜಿಗೆ ಖುಷಿ, ನನಗೆ ನೆಮ್ಮದಿ.

ಅಲ್ಲಿ ಹಳೇ ಪಂಚಾಂಗಗಳು ಮತ್ತು ತೂತು ಬಿದ್ದ ಹಿತ್ತಾಳೆ ಕೊಡದ ನಡುವೆ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ನನ್ನ ಸೋದರಮಾವನ ವಿಡಿಯೊ ಗೇಮ್ ಸೆಟ್. ಕೆಂಪು-ಬಿಳಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ವೈರು ಸುತ್ತಿದ ಎರಡು ರಿಮೋಟು, ಹಳದಿ ಬಣ್ಣದ ನಾಲ್ಕು ಕ್ಯಾಸೆಟ್ಟು.

ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿಗೆ ಈ ಪೆಟ್ಟಿಗೆಯ ಪರಿಚಯ ಮಾಡಿಕೊಡಬೇಕಿಲ್ಲ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದಲ್ಲಿ ಅದೇ ಎನ್‌ಇಎಸ್ ಆಯಿತು. ನಮ್ಮಲ್ಲಿಗೆ ಹೆಚ್ಚಾಗಿ ಬಂದದ್ದು ತೈವಾನ್, ಚೀನಾಗಳಲ್ಲಿ ತಯಾರಾದ ಅದರ ನಕಲುಗಳು. ಮಾವ ಅದನ್ನು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ ತಂದಿದ್ದ. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿದ್ದರೂ ಒಳಗಿರುತ್ತಿದ್ದದ್ದು ಬೆರಳೆಣಿಕೆಯ ಆಟಗಳು, ಅವೇ ಮತ್ತೆ ಮತ್ತೆ. ಮಾರಿಯೊ, ಕಾಂಟ್ರಾ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ಇನ್ನೊಂದು ಆಟಕ್ಕೆ ರಾಜಮರ್ಯಾದೆ. ಅದರ ಹೆಸರು ‘ಜನಕ’.

ನಿಜವಾದ ಹೆಸರು ‘ಜನಾಕ್’. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಮಾವ ‘ಜನಕ’ ಎಂದು ಓದಿದ, ನಾವೂ ಹಾಗೇ ಕರೆದೆವು. ಸೀತೆಯ ಅಪ್ಪನಿಗೂ ಆಕಾಶದಲ್ಲಿ ಹಾರುವ ಬಾಹ್ಯಾಕಾಶ ನೌಕೆಗೂ ಏನು ಸಂಬಂಧ ಎಂದು ಆಗ ನಮಗೆ ಅನಿಸಿರಲೇ ಇಲ್ಲ.

ಹಿರೋಷಿಮಾ ನಗರದಲ್ಲಿ ಕಂಪೈಲ್ ಎಂಬ ಸಣ್ಣ ಕಂಪನಿಯಿತ್ತು. 1986ರಲ್ಲಿ ಅದು ಈ ಆಟವನ್ನು ಮಾಡಿತು. ಮರುವರ್ಷ ಅಮೆರಿಕಕ್ಕೂ ಹೋಯಿತು. ನೋಡಲು ಸರಳ. ಪರದೆಯ ಕೆಳಗೆ ನಮ್ಮ ನೌಕೆ, ಮೇಲಿನಿಂದ ಶತ್ರುಗಳು, ನೆಲ ಕೆಳಕ್ಕೆ ಸರಿಯುತ್ತಾ ಹೋಗುತ್ತದೆ. ಗುಂಡು ಹಾರಿಸುತ್ತಾ 12 ಹಂತ ದಾಟಬೇಕು. ಮಾಮೂಲಿ ಬಂದೂಕಿನ ಜೊತೆಗೆ 0ಯಿಂದ 7ರವರೆಗೆ ಸಂಖ್ಯೆಯಿರುವ ಎಂಟು ಬಗೆಯ ಆಯುಧಗಳು. ಎದುರಿಗೆ ಗುರಾಣಿಯಂತೆ ನಿಲ್ಲುವುದು ಒಂದು, ನೌಕೆಯ ಸುತ್ತ ಗಿರಗಿರ ತಿರುಗುವುದು ಇನ್ನೊಂದು. ನೌಕೆಯ ಹೆಸರು ಎಎಫ್‌ಎಕ್ಸ್-6502. ಫ್ಯಾಮಿಕಾಮ್‌ನ ಮಿದುಳು 6502 ಎಂಬ ಚಿಪ್ಪಿನಿಂದ ಬಂದದ್ದು ಎಂದು ಎಂಜಿನಿಯರಿಂಗ್ ಓದಿದ ಮೇಲೆ ತಿಳಿದಾಗ, ಆ ಹೆಸರು ನೋಡಿ ನಕ್ಕಿದ್ದೆ.

ಮಾವ ಟಿ.ವಿ. ರಿಪೇರಿ ಮಾಡುವವನು. ಈಗ ಅಂಗಡಿಯಲ್ಲಿ ಹೆಚ್ಚು ನಡೆಯುವುದು ಮೊಬೈಲ್ ಕವರ್, ಚಾರ್ಜರ್ ವ್ಯಾಪಾರ. ಡಬ್ಬಿ ನೋಡಿದ್ದೇ ಅವನ ಮುಖ ಅರಳಿತು. ನಾನು ಹಳೇ ಅಭ್ಯಾಸದಂತೆ ಕ್ಯಾಸೆಟ್ಟಿಗೆ ಬಾಯಿಟ್ಟು ಊದಲು ಹೋದೆ. ‘ಲೋ ಅಳಿಯ, ಎಂಜಲು ತಾಗಿದ್ರೆ ಪಿನ್ನು ಕಿಲುಬು ಹಿಡಿಯುತ್ತೆ’ ಎಂದು ಕಿತ್ತುಕೊಂಡು, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದ. ಅಡಾಪ್ಟರ್ ಬದಲಾಯಿಸಿದ. ಮೂಲೆಯಲ್ಲಿದ್ದ ಡಬ್ಬಾ ಟಿ.ವಿ.ಗೆ ಜೋಡಿಸಿದ. ಹದಿನಾಲ್ಕು ವರ್ಷದ ನಂತರ ‘ಜನಕ’ ಮತ್ತೆ ಕಣ್ಣು ಬಿಟ್ಟ.

ನಾನು ರಿಮೋಟು ಹಿಡಿದೆ. ಈ ನಕಲು ಸೆಟ್ಟುಗಳಲ್ಲಿ ಟರ್ಬೊ ಎಂಬ ಗುಂಡಿಯಿರುತ್ತದೆ, ಒತ್ತಿ ಹಿಡಿದರೆ ಸಾಕು, ತಾನಾಗಿಯೇ ಪಟಪಟ ಗುಂಡು ಹಾರುತ್ತದೆ. ಅದನ್ನೇ ಅದುಮಿ ಕೂತೆ. ಮೊದಲ ಹಂತವೇ ದಾಟಲಿಲ್ಲ. ಪರದೆ ತುಂಬಾ ಶತ್ರುಗಳು. ಈ ಯಂತ್ರ ಒಂದು ಅಡ್ಡಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರಗಳನ್ನು ತೋರಿಸಲಾರದು, ಹಾಗಾಗಿ ಗುಂಪು ದೊಡ್ಡದಾದಂತೆ ಗುಂಡುಗಳು ಮಿಣಮಿಣ ಮಿನುಗಿ ಕಾಣೆಯಾಗುತ್ತವೆ. ಕಾಣದ ಗುಂಡಿಗೆ ಸಿಕ್ಕಿ ನಾನು ಸಾಯುತ್ತಿದ್ದೆ. ಮತ್ತೆ, ಮತ್ತೆ.

ಮಾವ ಹಿಂದಿನಿಂದ ಅದೇ ಹಳೇ ಮಾತು ಹೇಳಿದ. ‘ಗುಂಡಿ ಮೇಲಿಂದ ಬೆರಳು ತೆಗಿಯೋ. ನೀನು ಸುಮ್ಸುಮ್ನೆ ಹೊಡೆದಷ್ಟೂ ಅವರು ಜಾಸ್ತಿ ಬರ್ತಾರೆ.’

ಚಿಕ್ಕವನಿದ್ದಾಗ ಇದನ್ನು ಮಾವನ ತಮಾಷೆ ಎಂದುಕೊಂಡಿದ್ದೆ. ಅದು ತಮಾಷೆಯಲ್ಲ. ಜನಾಕ್‌ನ ವಿಶೇಷವೇ ಅದು. ಅದರೊಳಗೆ ‘ಆಟೊಮ್ಯಾಟಿಕ್ ಲೆವೆಲ್ ಕಂಟ್ರೋಲ್’ ಎಂಬ ವ್ಯವಸ್ಥೆಯಿದೆ. ನಾವು ಆಡುವ ರೀತಿಯನ್ನು ಆಟ ಗಮನಿಸುತ್ತಿರುತ್ತದೆ. ಬಿಡುವಿಲ್ಲದೆ ಗುಂಡು ಹಾರಿಸಿದರೆ ಶತ್ರುಗಳ ಸಂಖ್ಯೆ ಹೆಚ್ಚುತ್ತದೆ, ಚೆನ್ನಾಗಿ ಆಡಿದರೆ ಕಷ್ಟ ಹೆಚ್ಚುತ್ತದೆ. ನಾವು ಸತ್ತರೆ? ಅದು ಸ್ವಲ್ಪ ಸಡಿಲಿಸುತ್ತದೆ. ಇದೆಲ್ಲವನ್ನೂ ಮಾಡಿದ್ದು ಬರೀ 2 ಕೆ.ಬಿ. ಕೆಲಸದ ಮೆಮೊರಿ ಇರುವ ಯಂತ್ರದಲ್ಲಿ. ನಾವು ಬೆಳಿಗ್ಗೆ ಕಳಿಸುವ ಗುಡ್ ಮಾರ್ನಿಂಗ್ ಚಿತ್ರವೊಂದಕ್ಕೆ ಅದರ ಹತ್ತಾರು ಪಟ್ಟು ಜಾಗ ಬೇಕು. ಮಾವನಿಗೆ ಈ ವ್ಯವಸ್ಥೆಯ ಹೆಸರು ಗೊತ್ತಿರಲಿಲ್ಲ. ಆಡಿ ಆಡಿ ಕಂಡುಕೊಂಡಿದ್ದ.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಎರಡು ವರ್ಷದಿಂದ ಮಾಡುತ್ತಿದ್ದದ್ದೂ ಟರ್ಬೊ ಗುಂಡಿ ಅದುಮುವ ಕೆಲಸವೇ. ದಿನಕ್ಕೆ ಮೂವತ್ತು ಅರ್ಜಿ. ಟೆಸ್ಟಿಂಗ್, ಸೇಲ್ಸ್, ಡೇಟಾ ಎಂಟ್ರಿ, ಬ್ಯಾಂಕು, ಗ್ರೂಪ್ ಸಿ, ಕಂಡದ್ದಕ್ಕೆಲ್ಲಾ ಒಂದೇ ರೆಸ್ಯೂಮೆ. ಬ್ಯಾಂಕ್ ಪರೀಕ್ಷೆಗೆ ಓದುವ ಹೊತ್ತಲ್ಲಿ ಕೋಡಿಂಗ್ ಟೆಸ್ಟ್, ಕೋಡಿಂಗ್ ಕಲಿಯುವ ಹೊತ್ತಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ. ಹಾರಿಸಿದ ಗುಂಡು ಜಾಸ್ತಿಯಾದಷ್ಟೂ ಎದುರಿಗೆ ನಿಂತದ್ದೂ ಜಾಸ್ತಿಯಾಯಿತು.

ಇಲ್ಲಿಗೆ ಬರಹ ನಿಲ್ಲಿಸಿದ್ದರೆ ‘ತಾಳ್ಮೆಯಿಂದಿರಿ, ಗುರಿಯಿಟ್ಟು ಹೊಡೆಯಿರಿ’ ಎಂಬ ಬುದ್ಧಿಮಾತಾಗುತ್ತಿತ್ತು. ಅಂಥ ಬುದ್ಧಿಮಾತು ನಮಗೆ ಬೇಕಾದಷ್ಟು ಸಿಕ್ಕಿದೆ. ನನ್ನನ್ನು ಕಾಡಿದ್ದು ಆ ಆಟದ ಇನ್ನೊಂದು ಅರ್ಧ, ಸತ್ತಾಗ ಸಡಿಲಿಸುವ ಅರ್ಧ.

ಹೊರಗಿನ ಲೋಕದಲ್ಲಿ ನಡೆಯುವುದು ಅದರ ಉಲ್ಟಾ. ಮೂರನೇ ಸೆಮಿಸ್ಟರ್‌ನಲ್ಲಿ ಅಪ್ಪನಿಗೆ ಆಪರೇಷನ್ ಆದಾಗ ನಾನು ಒಂದು ವಿಷಯದಲ್ಲಿ ಫೇಲಾದೆ. ಮುಂದಿನ ಸೆಮಿಸ್ಟರ್‌ನಲ್ಲೇ ಪಾಸು ಮಾಡಿದೆ. ಆದರೆ ‘ಬ್ಯಾಕ್‌ಲಾಗ್ ಇರಬಾರದು’ ಎಂಬ ಒಂದು ಸಾಲಿನಿಂದ ಕ್ಯಾಂಪಸ್ ಸಂದರ್ಶನದಲ್ಲಿ ಒಂದು ಕಂಪನಿಯ ಬಾಗಿಲು ಮುಚ್ಚಿತು. ಕ್ಯಾಂಪಸ್‌ನಲ್ಲಿ ಸಿಗದ್ದರಿಂದ ಒಂದು ವರ್ಷ ಖಾಲಿ. ಆ ಖಾಲಿ ವರ್ಷದಿಂದಾಗಿ ‘ಈ ಸಾಲಿನಲ್ಲಿ ಪಾಸಾದವರು ಮಾತ್ರ ಅರ್ಜಿ ಹಾಕಿ’ ಎಂಬ ಸಾಲಿಗೆ ಸಿಕ್ಕಿಬಿದ್ದೆ. ಎಲ್ಲಾ ದಾಟಿ ಒಂದು ಸಂದರ್ಶನಕ್ಕೆ ಹೋದರೆ ಮೊದಲ ಪ್ರಶ್ನೆಯೇ, ‘ಇಷ್ಟು ದಿನ ಏನ್ ಮಾಡ್ತಿದ್ರಿ?’ ಒಮ್ಮೆ ಬಿದ್ದವನಿಗೆ ಮುಂದಿನ ಹಂತ ಇನ್ನೂ ಕಷ್ಟ, ಅದರಲ್ಲೂ ಬಿದ್ದರೆ ಅದರ ಮುಂದಿನದು ಮತ್ತೂ ಕಷ್ಟ. ಇಂಥ ಆಟವನ್ನು ಯಾರಾದರೂ ಮಾಡಿ ಮಾರಿದ್ದರೆ ನಾಲ್ಕು ದಿನಕ್ಕೆ ಕ್ಯಾಸೆಟ್ಟು ಅಟ್ಟ ಸೇರುತ್ತಿತ್ತು.

‘ಕಂಪನಿಗಳು ಧರ್ಮಛತ್ರ ನಡೆಸುತ್ತಿಲ್ಲ’ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಜನಾಕ್ ಮಾಡಿದವರೂ ದಾನ ಮಾಡುತ್ತಿರಲಿಲ್ಲ. ಸುಲಭವಾದರೆ ಆಡುವವನಿಗೆ ಬೇಜಾರು, ಕಷ್ಟವಾದರೆ ಎದ್ದು ಹೋಗುತ್ತಾನೆ. ಆಟ ನಡೆಯಬೇಕಾದರೆ ಅವನು ಕೂತಿರಬೇಕು. ಸಡಿಲ ಕೊಡುವುದೆಂದರೆ ಗೆಲುವನ್ನೇ ಕೈಗಿಡುವುದೂ ಅಲ್ಲ. ಎದುರಿನ ಕೋಟೆಯನ್ನು ನಾವೇ ಒಡೆಯಬೇಕು. ಎದ್ದು ನಿಲ್ಲಲು ಒಂದು ಉಸಿರಿನಷ್ಟು ಸಮಯ ಸಿಗುತ್ತದೆ, ಅಷ್ಟೆ. ಪರೀಕ್ಷೆಗಳ ಲೋಕಕ್ಕೂ ಇದು ಹೊಸದಲ್ಲ. ವಿದೇಶದಲ್ಲಿ ಎಂಎಸ್ ಮಾಡಲು ಹೊರಟ ಗೆಳೆಯರು ಬರೆಯುವ ಜಿಆರ್‌ಇಯಲ್ಲಿ ಗಣಿತದ ಮೊದಲ ಭಾಗವನ್ನು ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೇ ಭಾಗ ಎಷ್ಟು ಕಷ್ಟವಿರಬೇಕೆಂಬುದು ನಿರ್ಧಾರವಾಗುತ್ತದೆ. ಅಭ್ಯರ್ಥಿಯನ್ನು ಹೊರಗೆ ಹಾಕಲು ಅಲ್ಲ, ಅವನ ನಿಜವಾದ ಮಟ್ಟ ತಿಳಿಯಲು.

ಮರುದಿನ ಅಂಗಡಿಯಲ್ಲಿ ಇದನ್ನೆಲ್ಲಾ ಮಾವನ ಮುಂದೆ ಹೇಳಿಕೊಂಡೆ. ಅವನು ಒಂದು ಹಳೇ ಕಥೆ ಹೇಳಿದ. ಎರಡನೇ ಪಿಯುಸಿಯಲ್ಲಿ ಗಣಿತ ಕೈಕೊಟ್ಟಾಗ ಅವನು ತುಮಕೂರಿನ ಒಂದು ರಿಪೇರಿ ಅಂಗಡಿಗೆ ಸೇರಿದ್ದ. ಮೊದಲ ಆರು ತಿಂಗಳು ಅಂಗಡಿ ಯಜಮಾನರು ಅವನ ಕೈಗೆ ಕೊಟ್ಟದ್ದು ಕೆಟ್ಟುಹೋದ ರೇಡಿಯೊಗಳನ್ನು ಮಾತ್ರ. ಅದು ಕೈಗೆ ಹತ್ತಿದ ಮೇಲೆ ಟೇಪ್ ರೆಕಾರ್ಡರ್. ಆಮೇಲೆ ಟಿ.ವಿ. ಒಂದು ದಿನ ಗಿರಾಕಿಯ ಕಲರ್ ಟಿ.ವಿ.ಯ ಇಎಚ್‌ಟಿ ಟ್ರಾನ್ಸ್‌ಫಾರ್ಮರನ್ನು ಮಾವ ಸುಟ್ಟುಹಾಕಿದ. ಕೆಲಸ ಹೋಯಿತೆಂದು ಚೀಲ ಕಟ್ಟಿಕೊಂಡು ನಿಂತ. ಯಜಮಾನರು ಬೈದರಂತೆ, ಚೆನ್ನಾಗಿಯೇ ಬೈದರಂತೆ. ಆದರೆ ಮನೆಗೆ ಕಳಿಸಲಿಲ್ಲ. ಒಂದು ವಾರ ಮತ್ತೆ ರೇಡಿಯೊ ಕೊಟ್ಟರು. ಎಂಟನೇ ದಿನ ಅದೇ ಮಾದರಿಯ ಇನ್ನೊಂದು ಟಿ.ವಿ. ತಂದು ಮುಂದಿಟ್ಟು, ‘ಬಿಚ್ಚು’ ಎಂದರು.

‘ಆವತ್ತು ಅವರು ಬಾಗಿಲು ತೋರಿಸಿದ್ರೆ ನಾನು ಇವತ್ತು ಈ ಅಂಗಡೀಲಿ ಕೂತಿರ್ತಿರ್ಲಿಲ್ಲ ಕಣೋ’ ಎಂದ ಮಾವ.

ನಾನು ಹುಡುಕುತ್ತಿದ್ದ ಮಾತು ಅಲ್ಲೇ ಇತ್ತು. ಒಳ್ಳೆಯ ಗುರು, ಒಳ್ಳೆಯ ಯಜಮಾನ, ಒಳ್ಳೆಯ ಆಟ, ಮೂರೂ ಮಾಡುವುದು ಇದನ್ನೇ. ಕೈ ನೋಡಿ ಕೆಲಸ ಕೊಡುವುದು, ಬಿದ್ದರೆ ಒಂದು ಮೆಟ್ಟಿಲು ಕೆಳಗಿಳಿಸಿ ನಿಲ್ಲಿಸುವುದು, ಮತ್ತೆ ಹತ್ತಿಸುವುದು.

ಹಾಗಾಗಿ ಕೆಲಸ ಕೊಡುವ ಕುರ್ಚಿಯಲ್ಲಿ ಕೂತವರಲ್ಲಿ ನನ್ನದೊಂದು ವಿನಂತಿ. ನಮಗೆ ಪರೀಕ್ಷೆ ಇಡಿ, ಕಷ್ಟದ್ದೇ ಇಡಿ. ಆದರೆ ಯಾವತ್ತೋ ಪಾಸು ಮಾಡಿಕೊಂಡ ವಿಷಯವನ್ನು, ಖಾಲಿ ಹೋದ ಒಂದು ವರ್ಷವನ್ನು ಬಾಗಿಲಲ್ಲೇ ಕೇಳಿ ಹಿಂದೆ ಕಳಿಸಬೇಡಿ. ಆಯ್ಕೆಯಾಗದಿದ್ದರೆ ಯಾಕೆ ಎಂದು ಒಂದು ಸಾಲು ಬರೆಯಿರಿ. ಆ ಒಂದು ಸಾಲಿನಿಂದ ಮುಂದಿನ ಸಲ ಎಲ್ಲಿ ಗುರಿಯಿಡಬೇಕೆಂದು ನಮಗೆ ತಿಳಿಯುತ್ತದೆ.

ಈಗಾಗಲೇ ಕೆಲಸ ಸಿಕ್ಕ ಗೆಳೆಯರಿಗೂ ಒಂದು ಮಾತು. ನೀವು ದಾಟಿದ ಹಂತದಲ್ಲಿ ಗುಂಡು ಎಲ್ಲಿಂದ ಬರುತ್ತದೆಂದು ನಿಮಗೆ ಗೊತ್ತು. ಸಂದರ್ಶನದಲ್ಲಿ ಏನು ಕೇಳಿದರು, ನೀವು ಎಲ್ಲಿ ತಡವರಿಸಿದಿರಿ ಎಂದು ಹಿಂದೆ ಉಳಿದವನಿಗೆ ಹೇಳಿ. ಹಿಂದಿನಿಂದ ನಿಂತು ‘ಬೆರಳು ತೆಗಿಯೋ’ ಎನ್ನಲು ಒಬ್ಬ ಮಾವ ಎಲ್ಲರಿಗೂ ಇರುವುದಿಲ್ಲ.

ಇನ್ನು ನನ್ನಂಥವರಿಗೆ. ಮಾರುಕಟ್ಟೆ ನಮಗೆ ಸಡಿಲ ಕೊಡದಿದ್ದರೆ ನಮಗೆ ನಾವೇ ಕೊಟ್ಟುಕೊಳ್ಳಬೇಕು. ನಾನೀಗ ವಾರಕ್ಕೆ ನಾಲ್ಕೇ ಅರ್ಜಿ ಹಾಕುತ್ತೇನೆ, ಕಂಪನಿ ಏನು ಮಾಡುತ್ತದೆಂದು ಓದಿಕೊಂಡು ಹಾಕುತ್ತೇನೆ. ಇಲ್ಲ ಎಂಬ ಉತ್ತರ ಬಂದ ದಿನ ಹೊಸ ಅಧ್ಯಾಯ ತೆಗೆಯುವುದಿಲ್ಲ, ಗೊತ್ತಿರುವುದನ್ನೇ ಇನ್ನೊಮ್ಮೆ ಮಾಡುತ್ತೇನೆ. ಅದು ನನ್ನ ರೇಡಿಯೊ ವಾರ. ಇದರಿಂದ ಕೆಲಸ ಸಿಕ್ಕಿತೇ ಎಂದರೆ, ಇನ್ನೂ ಇಲ್ಲ. ಎರಡು ಕಡೆ ಕೊನೆಯ ಸುತ್ತಿನವರೆಗೆ ಹೋದೆ. ಮೊದಲು ಅಲ್ಲಿಗೂ ಹೋಗುತ್ತಿರಲಿಲ್ಲ.

ಹಬ್ಬ ಮುಗಿಸಿ ಹೊರಡುವ ಹಿಂದಿನ ರಾತ್ರಿ ನಾನು, ಮಾವ ಸರದಿಯಲ್ಲಿ ಆಡಿ ‘ಜನಕ’ನ ಐದನೇ ಹಂತ ತಲುಪಿದೆವು. ಟರ್ಬೊ ಮುಟ್ಟಲಿಲ್ಲ. ಬೆಳಿಗ್ಗೆ ಚೀಲ ಹಿಡಿದು ಹೊರಬಂದಾಗ ಪಕ್ಕದ ಮನೆಯ ಅತ್ತೆ ರಂಗೋಲಿ ಬಿಡುತ್ತಿದ್ದರು. ತಲೆಯೆತ್ತಿ ಕೇಳಿದರು, ‘ಏನಪ್ಪಾ, ಯಾವ ಕಂಪನೀಲಿದೀಯ?’

‘ಇನ್ನೂ ಸಿಕ್ಕಿಲ್ಲ ಅತ್ತೆ, ಹುಡುಕ್ತಾ ಇದೀನಿ’ ಎಂದೆ. ಅಟ್ಟ ಹತ್ತಬೇಕು ಅನ್ನಿಸಲಿಲ್ಲ.