ಡೋಲು ಕಿತ್ತುಕೊಂಡರು, ಹಾಡು ಉಳಿಯಿತು

ಯೂಟ್ಯೂಬಿನಲ್ಲಿ ‘ಮೋರ್‌ಹೌಸ್ ಕಾಲೇಜ್ ಗ್ಲೀ ಕ್ಲಬ್’ ಅಂತ ಹುಡುಕಿ ನೋಡಿ. ಅಮೆರಿಕದ ಅಟ್ಲಾಂಟಾ ಊರಿನ ಕಪ್ಪು ಹುಡುಗರ ಗಾಯನ ತಂಡ ಅದು. ‘ಸ್ಪಿರಿಚುವಲ್ಸ್’ ಎಂಬ ಹಳೆಯ ಹಾಡುಗಳನ್ನು ಅವರು ಹೇಳುವಾಗ ಹೆಚ್ಚಾಗಿ ಹಾರ್ಮೋನಿಯಂ, ತಬಲ, ಗಿಟಾರ್ ಯಾವುದೂ ಇರುವುದಿಲ್ಲ. ಬರೀ ಗಂಡು ದನಿಗಳು. ಒಬ್ಬ ಸೊಲ್ಲು ಎತ್ತುತ್ತಾನೆ, ಉಳಿದವರು ಉತ್ತರ ಕೊಡುತ್ತಾರೆ. ಬಹಳ ಕೆಳಗಿನ ದನಿಯವರು ಡೋಲಿನ ಕೆಲಸ ಮಾಡುತ್ತಾರೆ.

‘ಚೆನ್ನಾಗಿದೆ’ ಅಂದು ಮುಂದಿನ ವಿಡಿಯೊಗೆ ಹೋಗುವ ಮೊದಲು ಒಂದು ಮಾತು ಕೇಳಿ. ಅಲ್ಲಿ ವಾದ್ಯ ಇಲ್ಲದಿರುವುದರ ಹಿಂದೆ ಒಂದು ಕಾನೂನಿನ ನೆನಪೂ ಇದೆ.

1739ರಲ್ಲಿ ದಕ್ಷಿಣ ಕ್ಯಾರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸುತ್ತಾ, ದಾರಿಯಲ್ಲಿ ಸಿಕ್ಕ ತಮ್ಮವರನ್ನು ಕೂಡಿಸಿಕೊಳ್ಳುತ್ತಾ ನಡೆದರು. ದಂಗೆಯನ್ನು ಹತ್ತಿಕ್ಕಿದ ಮಾಲೀಕರು ಮರುವರ್ಷ, 1740ರಲ್ಲಿ, ಕಠಿಣವಾದ ಕಾನೂನು ತಂದರು. ಗುಲಾಮರು ಡೋಲು, ಕೊಂಬು ಇಟ್ಟುಕೊಳ್ಳಬಾರದು, ಬಾರಿಸಬಾರದು. ಅವರಿಗೆ ಬರೆಯಲು ಕಲಿಸಿದರೆ ಕಲಿಸಿದವರಿಗೆ ದಂಡ. ಡೋಲಿನ ಸದ್ದು ದೂರದವರನ್ನು ಕರೆಯುತ್ತದೆ, ಅಕ್ಷರವೂ ಕರೆಯುತ್ತದೆ. ಮಾಲೀಕರಿಗೆ ಎರಡರ ಭಯವೂ ಇತ್ತು.

ವಾದ್ಯವಿಲ್ಲದ ಹಾಡಿಗೆ ಇದೊಂದೇ ಕಾರಣ ಅಂತ ನಾವು ಹೇಳುತ್ತಿಲ್ಲ. ಒಬ್ಬರು ಹೇಳಿ ಹತ್ತು ಜನ ಉತ್ತರಿಸುವ ಪದ್ಧತಿ ಆಫ್ರಿಕದಿಂದಲೇ ಬಂದದ್ದು. ಆದರೆ ಡೋಲು ಹೋದ ಕಡೆ ಕೈ ಚಪ್ಪಾಳೆ, ಕಾಲಿನ ಹೆಜ್ಜೆ, ಗಂಟಲು ಇವೇ ವಾದ್ಯವಾದವು. ಹತ್ತಿ ಹೊಲದಲ್ಲಿ, ರಾತ್ರಿ ಕದ್ದು ಸೇರುವ ಪ್ರಾರ್ಥನೆಯಲ್ಲಿ ಹಾಡುಗಳು ಹುಟ್ಟಿದವು. ಕಟ್ಟಿದವರ ಹೆಸರು ಉಳಿದಿಲ್ಲ.

ಹಾಡುತ್ತಿದ್ದಾರೆ ಅಂದರೆ ಸುಖವಾಗಿದ್ದಾರೆ ಅಂತ ಅನೇಕ ಬಿಳಿಯರು ತಿಳಿದಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರ ತಮ್ಮ ಆತ್ಮಕಥೆಯಲ್ಲಿ ಇದನ್ನು ಖಂಡಿಸಿದರು. ಗುಲಾಮರು ಹೆಚ್ಚು ಹಾಡುವುದು ಹೆಚ್ಚು ನೊಂದಾಗ ಎಂದರು. ಹಾಡಿನಲ್ಲಿ ಬರುವ ಬೈಬಲ್ಲಿನ ಕಾನಾನ್ ದೇಶ ತಮಗೆ ಗುಲಾಮಗಿರಿ ಇಲ್ಲದ ಉತ್ತರದ ನಾಡೇ ಆಗಿತ್ತು ಅಂತ 1855ರ ಪುಸ್ತಕದಲ್ಲಿ ಹೇಳಿದರು. ಮೇಲೆ ಕೇಳಿದರೆ ಭಕ್ತಿ, ಒಳಗೆ ಓಡಿಹೋಗುವ ಆಸೆ.

ಇಲ್ಲಿಯವರೆಗಿನದು ಕಿತ್ತುಕೊಂಡವರ ಕಥೆ. ಆದರೆ ಈ ಹಾಡುಗಳಿಗೆ ಅಷ್ಟೇ ದೊಡ್ಡ ಗಂಡಾಂತರ ಬಂದದ್ದು ಬಿಡುಗಡೆಯಾದ ಮೇಲೆ. ಅದರ ಹೆಸರು ನಾಚಿಕೆ.

1865ರಲ್ಲಿ ಗುಲಾಮಗಿರಿ ಕೊನೆಯಾಯಿತು. ಮರುವರ್ಷವೇ ನ್ಯಾಶ್‌ವಿಲ್ ನಗರದಲ್ಲಿ, ಸೈನ್ಯ ಬಿಟ್ಟುಹೋದ ಹಳೆಯ ಕಟ್ಟಡಗಳಲ್ಲಿ ಫಿಸ್ಕ್ ಎಂಬ ಶಾಲೆ ಶುರುವಾಯಿತು. ಅದೇ ಇಂದಿನ ಫಿಸ್ಕ್ ವಿಶ್ವವಿದ್ಯಾಲಯ. ನಿನ್ನೆಯ ಗುಲಾಮರ ಮಕ್ಕಳು ಅಲ್ಲಿ ಓದಲು ಬಂದರು. ಅಪ್ಪ ಅಮ್ಮನ ಹಾಡುಗಳು ಅವರ ಬಾಯಲ್ಲಿದ್ದವು, ಆದರೆ ನಾಲ್ಕು ಜನರ ಎದುರು ಹಾಡಲು ಮನಸ್ಸು ಒಪ್ಪುತ್ತಿರಲಿಲ್ಲ. ತಂಡದ ಪಿಯಾನೊ ವಾದಕಿ ಎಲಾ ಶೆಪರ್ಡ್ ಇದನ್ನು ಮುಂದೆ ನೆನಪಿಸಿಕೊಂಡಿದ್ದಾರೆ. ಆ ಹಾಡುಗಳು ಗುಲಾಮಗಿರಿಯ ಕತ್ತಲ ದಿನಗಳಿಗೆ ಅಂಟಿಕೊಂಡವು, ಜೊತೆಗೆ ಹಿರಿಯರಿಗೆ ಪವಿತ್ರವಾದವು. ಹೀಗಾಗಿ ಅವನ್ನು ವೇದಿಕೆಗೆ ತರುವ ಯೋಚನೆಯೇ ಇರಲಿಲ್ಲ.

ನಾಚಿಕೆಗೆ ಹೊರಗಿನ ಕಾರಣವೂ ಇತ್ತು. ಬಿಳಿಯ ಕಲಾವಿದರು ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಜನರನ್ನು ಪೆದ್ದರಂತೆ ಆಡಿ ತೋರಿಸುವ ‘ಮಿನ್‌ಸ್ಟ್ರೆಲ್’ ಆಟ ಆಗ ಊರೂರಲ್ಲಿ ನಡೆಯುತ್ತಿತ್ತು. ನಿಮ್ಮ ತಾಯಿಯ ಮಾತನ್ನು ಜನ ಅಣಕಿಸಿ ನಗುತ್ತಿದ್ದರೆ ಆ ಮಾತನ್ನು ಸಭೆಯಲ್ಲಿ ಆಡಲು ನಿಮಗೂ ಧೈರ್ಯ ಬಾರದು.

ಶಾಲೆ ಸಾಲದಲ್ಲಿ ಮುಳುಗಿತ್ತು. 1871ರ ಅಕ್ಟೋಬರ್ 6ರಂದು ಖಜಾಂಚಿ ಜಾರ್ಜ್ ವೈಟ್ ಒಂಬತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಹಾಡಿ ಹಣ ತರಲು ಹೊರಟರು. ಐವರು ಹುಡುಗಿಯರು, ನಾಲ್ವರು ಹುಡುಗರು. ಅವರಲ್ಲಿ ಹೆಚ್ಚಿನವರು ಹುಟ್ಟಿದ್ದೇ ಗುಲಾಮರಾಗಿ. ಮೊದಲು ಬಿಳಿಯರ ಸಂಗೀತವನ್ನೇ ಹೆಚ್ಚು ಹಾಡಿದರು, ಗಿಟ್ಟಿದ್ದು ಅಷ್ಟಕ್ಕಷ್ಟೆ. ಹಿರಿಯರ ಹಾಡು ಎತ್ತಿದ ಮೇಲೆ ಸಭೆಗಳು ಸ್ತಬ್ಧವಾದವು. ಮೊದಲ ಪ್ರವಾಸದಿಂದಲೇ 20,000 ಡಾಲರ್ ಬಂತು. 1873ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಆ ಹಣದಿಂದ ಕಟ್ಟಿದ ಜ್ಯೂಬಿಲಿ ಹಾಲ್ ಇವತ್ತಿಗೂ ನಿಂತಿದೆ. ನಾಚಿಕೆಪಟ್ಟು ಮುಚ್ಚಿಟ್ಟಿದ್ದ ಹಾಡೇ ಶಾಲೆಯನ್ನು ಉಳಿಸಿತು.

ಬರೀ ಗಂಡಸರ ತಂಡಗಳು ಹೆಸರು ಮಾಡಿದ್ದು ಆಮೇಲೆ. ಅದೇ ಫಿಸ್ಕ್‌ನ ಜಾನ್ ವೆಸ್ಲಿ ವರ್ಕ್ ಮತ್ತು ಮೂವರು ಸಂಗಡಿಗರು 1909ರಲ್ಲಿ ವಿಕ್ಟರ್ ಕಂಪನಿಗೆ ಹಾಡಿದರು. ಆಗ ಮೈಕ್ ಇರಲಿಲ್ಲ, ದೊಡ್ಡ ಕಹಳೆಯಂಥ ಕೊಳವೆಗೆ ಬಾಯಿ ಕೊಟ್ಟು ಹಾಡಬೇಕಿತ್ತು. ನಾಲ್ಕೇ ಗಂಡು ದನಿ, ವಾದ್ಯವಿಲ್ಲ. ಮೋರ್‌ಹೌಸ್ ತಂಡ ಶುರುವಾದದ್ದು 1911ರಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಓದಿದ್ದು ಅದೇ ಕಾಲೇಜಿನಲ್ಲಿ. 1968ರಲ್ಲಿ ಅವರ ಹತ್ಯೆಯಾದಾಗ ಅಂತ್ಯಸಂಸ್ಕಾರದಲ್ಲಿ ಆ ತಂಡವೂ ಹಾಡಿತು.

ವಾದ್ಯವಿಲ್ಲದೆ ಹಾಡುವುದು ಎಷ್ಟು ಕಷ್ಟ ಅಂತ ಭಜನೆ ಮಾಡುವವರಿಗೆ ಗೊತ್ತು. ಶ್ರುತಿ ಹಿಡಿದು ಕೊಡಲು ಪೆಟ್ಟಿಗೆ ಇಲ್ಲ. ಒಬ್ಬ ಸ್ವಲ್ಪ ಜಾರಿದರೆ ಇಡೀ ತಂಡ ಜಾರುತ್ತದೆ. ಆದ್ದರಿಂದ ಪ್ರತಿಯೊಬ್ಬನೂ ಹಾಡುವಷ್ಟೇ ಗಮನವಿಟ್ಟು ಪಕ್ಕದವನ ದನಿಯನ್ನು ಕೇಳಬೇಕು.

ಇದಕ್ಕೆ ತಕರಾರೂ ಇದೆ. ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್‌ಟನ್ 1934ರಲ್ಲೇ ಹೇಳಿದರು: ವೇದಿಕೆಯ ಮೇಲೆ ತಿದ್ದಿ ತೀಡಿ ಹಾಡುವುದು ನಿಜವಾದ ಸ್ಪಿರಿಚುವಲ್ಸ್ ಅಲ್ಲ, ನಿಜವಾದದ್ದು ಜನ ತಮಗಾಗಿ ಹಾಡಿಕೊಳ್ಳುವುದು, ಒಂದು ಸಲ ಹಾಡಿದಂತೆ ಇನ್ನೊಂದು ಸಲ ಇರುವುದಿಲ್ಲ. ಮಾತು ಸರಿಯಾಗಿದೆ. ವೇದಿಕೆಗೆ ಬಂದಾಗ ಹಾಡು ಏನನ್ನೋ ಕಳೆದುಕೊಳ್ಳುತ್ತದೆ. ಆದರೂ ನಮ್ಮ ಅಭಿಪ್ರಾಯದಲ್ಲಿ ಫಿಸ್ಕ್‌ನ ಮಕ್ಕಳು ಮಾಡಿದ್ದೇ ಸರಿ. ತೀಡಿದ ಹಾಡನ್ನು ಕೇಳಿ ಮೂಲ ಯಾವುದು ಅಂತ ಹುಡುಕಿಕೊಂಡು ಹೋಗಬಹುದು. ನಾಚಿಕೆಯಿಂದ ನುಂಗಿಕೊಂಡ ಹಾಡಿಗೆ ಆ ದಾರಿಯೂ ಇಲ್ಲ, ಹಾಡುವವರು ಸತ್ತ ದಿನ ಅದೂ ಸಾಯುತ್ತದೆ.

ಈ ಪರಂಪರೆಯ ಒಂದು ಎಳೆ ನಮ್ಮ ಶಾಲೆಯ ಅಂಗಳಕ್ಕೂ ಬಂದಿದೆ. ‘ಹಮ್ ಹೋಂಗೆ ಕಾಮಯಾಬ್’ ನೀವೂ ಹಾಡಿರುತ್ತೀರಿ. ಅದರ ಮೂಲ ಇಂಗ್ಲಿಷ್ ಹಾಡು ಕಪ್ಪು ಜನರ ಚರ್ಚ್ ಹಾಡುಗಳಿಂದ ಬೆಳೆದದ್ದು. 1945–46ರಲ್ಲಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಮುಷ್ಕರ ಹೂಡಿದ ತಂಬಾಕು ಕಾರ್ಖಾನೆಯ ಕೆಲಸಗಾರರು ಅದನ್ನು ಹಾಡಿದರು. ಹಿಂದೆ ಡೋಲು ಕಿತ್ತುಕೊಂಡಿದ್ದೂ ಅದೇ ನಾಡಿನಲ್ಲಿ.

ಅವರ ಸಂಕಟವೂ ನಮ್ಮದೂ ಒಂದೇ ಅಂತ ಹೇಳುವ ಧೈರ್ಯ ನಮಗಿಲ್ಲ. ನಾಚಿಕೆ ಮಾತ್ರ ನಮಗೂ ಗೊತ್ತು. ಡಿಪ್ಲೊಮಾ ಓದಿ ಪತ್ರಿಕೆಗೆ ಬರೆಯುವ ನಾವು ಅಜ್ಜಿಯ ಬೀಸುವ ಪದವನ್ನು ‘ಹಳೇ ಕಾಲದ್ದು’ ಅಂತ ಪಕ್ಕಕ್ಕೆ ಇಡುತ್ತೇವೆ. ಕೂಲಿ ಮಾಡುವಾಗ ಹಾಡಿದ್ದನ್ನು, ಕೇರಿಯಲ್ಲಿ ಹಾಡಿದ್ದನ್ನು ಮಕ್ಕಳ ಮುಂದೆ ಹಾಡಲು ಹಿರಿಯರೇ ಹಿಂಜರಿಯುತ್ತಾರೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಕೂರಿಸಿ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಹಾಡಿದವರ ಹೆಸರು ಬರೆದಿಡಿ. ಕೆಳಗೆ ಮ್ಯೂಸಿಕ್ ಹಾಕಲು ಹೋಗಬೇಡಿ, ದನಿ ಒಂದೇ ಸಾಕು.